ಸಾಲದಲ್ಲಿ ನಮ್ಮ ಪಾಲು

ಹೊಳಲ್ಕೆರೆಯ ಓದುಗರೊಬ್ಬರು ಬೇಸರದಿಂದ ಬರೆದಿದ್ದಾರೆ: "ಸರ್ಕಾರ ಸಾಲದ ಮೇಲೆ ಸಾಲ ಮಾಡುತ್ತಿದೆ. ಮಾಡುವವರು ಅವರು, ತೀರಿಸುವವರು ನಾವು. ಸುಮ್ನೆ ವೋಟು ಹಾಕಿ ಬರುವ ನಮ್ಮ ತಪ್ಪೇನು?"

ನಿಮ್ಮ ಬೇಸರ ನ್ಯಾಯವಾದದ್ದೇ ಸ್ವಾಮಿ. ಆದರೂ ಇದರಲ್ಲಿ ನಮ್ಮ ಪಾಲಿದೆ ಎಂದೇ ನಾನು ನಂಬಿದ್ದೇನೆ.

2025-26ರ ರಾಜ್ಯ ಬಜೆಟ್ 4,09,549 ಕೋಟಿ ರೂಪಾಯಿಯದು. ಅದರಲ್ಲಿ 1,16,000 ಕೋಟಿ ಹೊಸ ಸಾಲ. ವರ್ಷದ ಕೊನೆಗೆ ಒಟ್ಟು ಸಾಲ 7,64,655 ಕೋಟಿ ಆಗುತ್ತದೆಂದು ಬಜೆಟ್ಟೇ ಅಂದಾಜು ಮಾಡಿತ್ತು. ಏಳು ಕೋಟಿ ಜನಕ್ಕೆ ಹಂಚಿದರೆ ತಲೆಗೆ ಲಕ್ಷ ದಾಟುತ್ತದೆ. ಸಾಲವು ರಾಜ್ಯದ ಒಟ್ಟು ಉತ್ಪನ್ನದ ಶೇ 25 ಮೀರಬಾರದೆಂದು ಕಾನೂನಿದೆ. ಈ ಅಂದಾಜು ಶೇ 24.91. ಗೆರೆ ದಾಟಿಲ್ಲ, ಅಷ್ಟೇ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ 19,262 ಕೋಟಿಯ ರಾಜಸ್ವ ಕೊರತೆಯದು. ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿಗೆ ಆದಾಯ ಸಾಲದೆ ಸಾಲ ತಂದು ತುಂಬುವ ಹಣ ಇದು. ಸತತ ಮೂರನೇ ಬಜೆಟ್ಟಿನಲ್ಲೂ ಇದೇ ಕಥೆ. ಸಾಲ ಮಾಡಿ ಬೋರ್ ಕೊರೆಸಿ ನೀರು ಬಿದ್ದರೆ ತೋಟವೇ ಸಾಲ ತೀರಿಸುತ್ತದೆ. ದಿನಸಿಗೆ ಮಾಡಿದ ಸಾಲವನ್ನು ಯಾವುದು ತೀರಿಸಬೇಕು?

ಅದೇ ಬಜೆಟ್ಟಿನಲ್ಲಿ ಗ್ಯಾರಂಟಿಗಳಿಗೆ ಇಟ್ಟದ್ದು 51,034 ಕೋಟಿ. ನಾನು ಅವುಗಳ ವಿರೋಧಿಯಲ್ಲ. ಹೆಣ್ಣುಮಕ್ಕಳ ಕೈಗೆ ತಿಂಗಳಿಗೆ 2,000 ರೂಪಾಯಿ ಸಿಗುವುದು ಒಳ್ಳೆಯದೇ. ಆದರೆ ಅದು ತೆರಿಗೆ ಹಣದಿಂದ ಬರಬೇಕು. 2024ರ ಜೂನ್‌ನಲ್ಲಿ ಮಾರಾಟ ತೆರಿಗೆ ಏರಿಸಿ ಪೆಟ್ರೋಲ್ ಲೀಟರಿಗೆ 3 ರೂಪಾಯಿ ಜಾಸ್ತಿಯಾದಾಗ ಎಷ್ಟು ಬೈದೆವು, ಅಲ್ವಾ? ಕೊಡುವುದೆಲ್ಲ ಬೇಕು, ತೆರಿಗೆ ಮಾತ್ರ ಬೇಡ ಎಂದರೆ ಯಾವ ಪಕ್ಷ ಬಂದರೂ ಸಾಲವನ್ನೇ ಮಾಡುತ್ತದೆ. ನಮ್ಮ ಪಾಲು ಎಂದದ್ದು ಇದನ್ನೇ.

ಭದ್ರಾ ಮೇಲ್ದಂಡೆಯನ್ನೇ ನೋಡಿ. ಚಿತ್ರದುರ್ಗ, ದಾವಣಗೆರೆ, ತುಮಕೂರು, ಚಿಕ್ಕಮಗಳೂರಿನ 2.25 ಲಕ್ಷ ಹೆಕ್ಟೇರಿಗೆ ನೀರು ಕೊಡಬೇಕಾದ ಯೋಜನೆ. ಕೇಂದ್ರ 2023ರ ಬಜೆಟ್ಟಿನಲ್ಲಿ ಇದಕ್ಕೆ 5,300 ಕೋಟಿ ಘೋಷಿಸಿತು. ಆಮೇಲೆ ಆ ಹಣಕ್ಕೆ ಕಾಯುವುದೇ ಕೆಲಸವಾಯಿತು. ಇಂಥ ಕಾಲುವೆಗೆ ಸಾಲ ಮಾಡಿದರೆ ನಾನು ಬೇಡ ಎನ್ನುವುದಿಲ್ಲ. ಬೇಗ ಮುಗಿಸಿ ಎಂದು ಪಟ್ಟು ಹಿಡಿಯುತ್ತೇನೆ.

ನಿಮ್ಮ ಶಾಸಕರು ಊರಿಗೆ ಬಂದಾಗ ಒಂದು ಪ್ರಶ್ನೆ ಕೇಳಿ: ಈ ವರ್ಷದ ಸಾಲದಲ್ಲಿ ಕಾಲುವೆ, ರಸ್ತೆ, ಶಾಲೆಗೆ ಹೋದದ್ದೆಷ್ಟು, ದಿನದ ಖರ್ಚಿಗೆ ಹೋದದ್ದೆಷ್ಟು? ಅವರ ಉತ್ತರ ಬರೆದು ಕಳಿಸಿ. ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ, ದಾವಣಗೆರೆ