ಸೀತಾಳೆ ದಂಡೆಗೆ ಕುಂಡ ಬೇಡ, ಮರ ಕೊಡಿ

ಗಾಳಿಗೆ ಮುರಿದು ಬಿದ್ದ ಹಲಸಿನ ಕೊಂಬೆಯಿಂದ ಬಿಡಿಸಿ ತಂದ ಸೀತಾಳೆ ದಂಡೆ ಅನ್ನುವ, ಮರದ ಮೇಲೆ ಬೆಳೆಯುವ ಆರ್ಕಿಡ್, ಬೆಂಗಳೂರಿನ ಬಾಲ್ಕನಿ, ತೆಂಗಿನ ನಾರು ತುಂಬಿದ ಕುಂಡ. ಈಗ ಬುಡದ ಎಲೆ ಹಳದಿ, ಯಾವ ಗೊಬ್ಬರ ಹಾಕಲಿ, ಬಾಲ್ಕನಿಯಲ್ಲಿ ಹೇಗೆ ಬೆಳೆಸಲಿ ಅಂತ ಕೇಳಿದ್ದೀರಿ; ಊರಲ್ಲಿ ಮರ ಇದೆ ಅಂತಲೂ ಬರೆದಿದ್ದೀರಿ. ಯಾವ ಗೊಬ್ಬರವೂ ಬೇಡ. ಇವತ್ತೇ ಆ ಕುಂಡದಿಂದ ಗಿಡ ಹೊರಗೆ ತೆಗೆಯಿರಿ, ಮಿಕ್ಕಿದ್ದನ್ನು ಆಮೇಲೆ ಓದಿ.

ನಮ್ಮದು ಶಿರಸಿ ಕಡೆ. ದೊಡ್ಡಮ್ಮ ಮದುವೆಯಾಗಿ ಬಂದಾಗಲೇ ಹಿತ್ತಲ ಹಲಸಿನ ಮರದಲ್ಲಿ ಸೀತಾಳೆ ಇತ್ತಂತೆ. ಮುಂಗಾರು ಹಿಡಿಯುವ ಹೊತ್ತಿಗೆ ಮೊಳದುದ್ದದ ದಂಡೆಗಳು ಇಳಿಬೀಳುತ್ತಿದ್ದವು, ಬಿಳಿ ಹೂ, ಅದರ ಮೇಲೆ ನೇರಳೆ ಚುಕ್ಕಿ. ಒಂದು ಮಳೆಗಾಲ ಆ ಕೊಂಬೆ ಮುರಿಯಿತು. ಗಿಡ ಸಾಯಬಾರದು ಅಂತ ನಾನೇ ಹಟ ಮಾಡಿ ಬೆಂಗಳೂರಿಗೆ ತಂದೆ. ನರ್ಸರಿಯೊಂದರಲ್ಲಿ ಕೊಟ್ಟ ನಾರು, ಇದ್ದಿಲು ತುಂಬಿ, ಬೇರು ಪೂರ್ತಿ ಮುಚ್ಚುವ ಹಾಗೆ ನೆಟ್ಟೆ. ಗಿಡ ಸತ್ತದ್ದು ಅದರಿಂದಲೇ, ಬೇರೆ ಯಾವುದರಿಂದಲೂ ಅಲ್ಲ.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವು ಸರಿಯಾಗಿ ಅದೇ ಜಾಗದಲ್ಲಿ ನಿಂತಿದ್ದೀರಿ. ಈ ಬೇರಿನ ಮೇಲೆ ಬೆಳ್ಳಗಿನ ದಪ್ಪ ಹೊದಿಕೆ ಇದೆಯಲ್ಲ, ಸಸ್ಯಶಾಸ್ತ್ರದಲ್ಲಿ ಅದಕ್ಕೆ ವೆಲಮೆನ್ ಅನ್ನುತ್ತಾರೆ. ಅದು ಸತ್ತ ಜೀವಕೋಶಗಳ ಪದರ, ಸ್ಪಂಜಿನ ಹಾಗೆ ಬಿದ್ದ ಮಳೆಯನ್ನು ಕ್ಷಣದಲ್ಲಿ ಹೀರುತ್ತದೆ. ನೆನೆದಾಗ ಒಳಗಿನ ಹಸಿರು ಕಾಣುತ್ತದೆ. ಆ ಬೇರು ಬೆಳಕಿನಲ್ಲಿ ಎಲೆಯ ಕೆಲಸವನ್ನೂ ಅಷ್ಟಿಷ್ಟು ಮಾಡುತ್ತದೆ. ಗಾಳಿ ಆಡಿದರೆ ಕೆಲವೇ ಗಂಟೆಗಳಲ್ಲಿ ಒಣಗಿ ಮತ್ತೆ ಬೆಳ್ಳಗಾಗುತ್ತದೆ. ಹೀಗೆ ನೆನೆದು ಒಣಗಿ, ನೆನೆದು ಒಣಗಿ ಬದುಕುವುದೇ ಅದರ ಕ್ರಮ. ಘಟ್ಟದ ಜಡಿಮಳೆಯಲ್ಲೂ ಕೊಳೆಯದೆ ಇರುವುದು ಅದು ಗಾಳಿಗೆ ತೆರೆದುಕೊಂಡಿರುವುದರಿಂದ. ನಾರಿನೊಳಗೆ ಹೂತಾಗ ಒಣಗುವ ಹೊತ್ತೇ ಸಿಗುವುದಿಲ್ಲ. ಮೇಲಿನ ನಾರು ಒಣಗಿ ಕಂಡಿತು ಅಂತ ನಾನು ನೀರು ಹಾಕುತ್ತಿದ್ದೆ, ಒಳಗೆ ಮಾತ್ರ ಒದ್ದೆ ಆರುತ್ತಲೇ ಇರಲಿಲ್ಲ. ಬೇರು ಕೊಳೆತ ಮೇಲೆ ಎಲೆಗೆ ನೀರು ಹೋಗುವುದಿಲ್ಲ. ಬುಡದ ಎಲೆ ಹಳದಿಯಾಗಿ ಸುಕ್ಕಾಯಿತು. ಬಾಯಾರಿಕೆ ಅಂದುಕೊಂಡು ಇನ್ನಷ್ಟು ನೀರು, ಹಸಿವು ಅಂದುಕೊಂಡು ಗೊಬ್ಬರ. ಗೊಬ್ಬರದ ಉಪ್ಪಿನಂಶ ಉಳಿದ ಬೇರನ್ನೂ ಸುಟ್ಟಿತು. ಡೆಂಡ್ರೋಬಿಯಂ ಅನ್ನುವ ಬೇರೆ ಜಾತಿಯ ಆರ್ಕಿಡ್ ಆಗಿದ್ದರೆ ದಪ್ಪ ಕಾಂಡದಲ್ಲಿ ಕೂಡಿಟ್ಟ ನೀರಿನಿಂದ ತಡೆದುಕೊಳ್ಳುತ್ತಿತ್ತೇನೋ. ಸೀತಾಳೆ ದಂಡೆಗೆ ಅಂಥ ಕಾಂಡ ಇಲ್ಲ. ಬೆಳೆಯುವ ಸುಳಿಯೂ ಒಂದೇ. ನಡುವಿನ ಎಲೆ ಕೈಗೆ ಕಿತ್ತು ಬಂದ ದಿನ ಎಲ್ಲ ಮುಗಿಯಿತು. ದೊಡ್ಡಮ್ಮನಿಗೆ ಇದನ್ನು ಹೇಳಲು ನನಗೆ ತುಂಬಾ ಕಷ್ಟವಾಯಿತು.

ಈಗ ನಮ್ಮ ಊರಿನ ಮಾವಿನ ಮರದ ಮೇಲೆ ಇರುವುದು ನರ್ಸರಿಯಲ್ಲಿ ಬೀಜದಿಂದ ಬೆಳೆಸಿದ ಗಿಡ. ಕಾಡಿಂದ ಕಿತ್ತು ಮಾರುವವರ ಹತ್ತಿರ ದಯವಿಟ್ಟು ಕೊಳ್ಳಬೇಡಿ. ಧೂಳಿನಂಥ ಬೀಜ ಮೊಳೆಯಲು ಕಾಡಿನಲ್ಲಿ ಶಿಲೀಂಧ್ರದ ನೆರವು ಬೇಕು, ಮೊಳೆತ ಮೇಲೆ ಹೂ ಬಿಡಲು ವರ್ಷಗಳೇ ಹಿಡಿಯುತ್ತವೆ. ಕಿತ್ತ ಜಾಗ ಸುಲಭಕ್ಕೆ ತುಂಬುವುದಿಲ್ಲ.

ಬಾಲ್ಕನಿಯಲ್ಲಿ ಹೇಗೆ ಬೆಳೆಸಲಿ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಊರಲ್ಲಿ ಮರ ಇದೆ ಅಂದಿರಿ. ಅಲ್ಲಿಗೇ ವಾಪಸ್ ಒಯ್ಯಿರಿ. ಬಂದಳಿಕೆ ಥರ ಮರದ ಸಾರ ಹೀರುತ್ತದೆ ಅಂತ ಯಾರಾದರೂ ತಡೆದರೆ ಕೇಳಬೇಡಿ, ಇದು ಮರದಿಂದ ಕೂರಲು ಜಾಗ ಬಿಟ್ಟು ಏನನ್ನೂ ಪಡೆಯುವುದಿಲ್ಲ. ಮಾವು, ಹಲಸು ಒಳ್ಳೆಯದು; ತೊಗಟೆ ಸುಲಿಯುವ ಪೇರಳೆ, ನೀಲಗಿರಿ ಬೇಡ. ಬೆಳಗಿನ ಬಿಸಿಲು ತಾಗುವ ಕವಲಿಗೆ, ಸುಳಿಯಲ್ಲಿ ನೀರು ನಿಲ್ಲದಂತೆ ಗಿಡವನ್ನು ಓರೆಯಾಗಿ ಹಿಡಿದು, ಹಳೇ ಹತ್ತಿಸೀರೆಯ ಪಟ್ಟಿಯಲ್ಲಿ ಬಿಗಿಯಾಗಿ ಕಟ್ಟಿ. ಅಲುಗಾಡಿದರೆ ಹೊಸ ಬೇರು ಹಿಡಿಯುವುದಿಲ್ಲ. ಮೇ ಕೊನೆಯಲ್ಲಿ ಕಟ್ಟಿದರೆ ಮಳೆಯೇ ನೋಡಿಕೊಳ್ಳುತ್ತದೆ. ಚಳಿಗಾಲದಲ್ಲಿ ನೀರು ಕಡಿಮೆ ಇರಲಿ, ಆ ವಿಶ್ರಾಂತಿ ಅದಕ್ಕೆ ಬೇಕು. ಅಸ್ಸಾಮಿನಲ್ಲಿ ಇದೇ ಹೂವನ್ನು ಕಪೌ ಅನ್ನುತ್ತಾರೆ, ಏಪ್ರಿಲ್ ಬಿಹು ಕುಣಿತಕ್ಕೆ ಹೆಣ್ಣುಮಕ್ಕಳು ಮುಡಿಯುತ್ತಾರೆ. ನಮ್ಮಲ್ಲಿ ಮೇ, ಜೂನ್ ತನಕ ಕಾಯಬೇಕು.

ಸದ್ಯಕ್ಕೆ ಮಾಡಬೇಕಾದ್ದು ಇಷ್ಟು. ಬೇರುಗಳನ್ನು ತೊಳೆದು ಒಂದೊಂದನ್ನೂ ಒತ್ತಿ ನೋಡಿ. ಗಟ್ಟಿ ಇದ್ದದ್ದು ಇರಲಿ. ಕಂದಾಗಿ ಮೆತ್ತಗಾಗಿ, ಸಿಪ್ಪೆ ಜಾರಿ ನೂಲು ಉಳಿಯುವಂಥದ್ದನ್ನು ಬೆಂಕಿಗೆ ಹಿಡಿದು ಆರಿಸಿದ ಕತ್ತರಿಯಿಂದ ಕತ್ತರಿಸಿ, ಗಾಯಕ್ಕೆ ದಾಲ್ಚಿನ್ನಿ ಪುಡಿ ಸವರಿ. ಎರಡು ದಿನ ನೆರಳಲ್ಲಿ ಒಣಗಲು ಬಿಟ್ಟು, ಊರಿಗೆ ಹೋಗುವವರೆಗೆ ತೊಗಟೆ ಇರುವ ಮರದ ತುಂಡಿಗೆ ಕಟ್ಟಿ ತೂಗುಹಾಕಿ. ಬೆಳಿಗ್ಗೆ ಮಾತ್ರ ಬೇರಿಗೆ ನೀರು ಚಿಮುಕಿಸಿ, ಸುಳಿಗೆ ತಾಗಿಸಬೇಡಿ. ನಾಲ್ಕೈದು ಗಟ್ಟಿ ಬೇರು ಉಳಿದಿದ್ದರೆ ನಿಮ್ಮ ಗಿಡ ಬದುಕುತ್ತದೆ.