ಆಷಾಢದ ಕಂತು ಯಾರು ಕಟ್ಟುತ್ತಾರೆ?

ನಮ್ಮ ಕಲಬುರಗಿಯ ಕಪನೂರು ಕಡೆಯಿಂದ ಒಬ್ಬ ತಂಗಿ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಸಾರ ಇಷ್ಟು: ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ನಾಲ್ಕು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದರು. ಅಪ್ಪನಿಗೆ ಆಪರೇಷನ್ ಆದ ಮೇಲೆ ಊರಿಗೆ ಬಂದು ಮನೆಯ ಸಣ್ಣ ದಾಲ್ ಮಿಲ್ ನೋಡಿಕೊಳ್ಳುತ್ತಿದ್ದಾರೆ. ಪಕ್ಕದ ಮಿಲ್ಲಿನವರು ಬಣ್ಣ ನೋಡಿ ಬೇಳೆ ಆರಿಸುವ ಕಲರ್ ಸಾರ್ಟರ್ ಮಷಿನ್ ತಂದಿದ್ದಾರೆ. ಇವರಿಗೂ ಹತ್ತು ಲಕ್ಷ ಸಾಲ ಕೊಡಲು ಬ್ಯಾಂಕಿನವರು ತಯಾರು. ಅಪ್ಪ ಬೇಡ ಅನ್ನುತ್ತಾರೆ. ಬೇಳೆ ಹಸನು ಮಾಡುವ ಎಂಟು ಹೆಣ್ಣುಮಕ್ಕಳು ಇದ್ದಾರೆ, ಅವರ ಚಿಂತೆ ಬೇರೆ. ಕೊನೆಗೆ ಕೇಳುತ್ತಾರೆ: "ನೀವೂ ಪ್ರೆಸ್ ನಡೆಸಿದವರು. ಏನು ಮಾಡಲಿ? ಪುಸ್ತಕ ಓದಿ ಅಂತ ಪ್ರತಿ ತಿಂಗಳೂ ಬರೆಯುತ್ತೀರಿ. ಬಿಸಿನೆಸ್ ಪುಸ್ತಕ ಆರು ತಂದಿಟ್ಟಿದ್ದೇನೆ, ಒಂದೂ ಮುಗಿದಿಲ್ಲ. ಬೆಂಗಳೂರು ಬಿಟ್ಟು ತಪ್ಪು ಮಾಡಿದೆನಾ?"

ತಂಗಿ, ಮೊದಲು ನನ್ನ ಕಥೆ ಕೇಳಿ. ಆಮೇಲೆ ನಿಮ್ಮದು.

ನಮ್ಮಪ್ಪನದು ಅಚ್ಚಿನ ಮೊಳೆ ಜೋಡಿಸುವ ಪ್ರೆಸ್. ಕಾಲಿನಿಂದ ತುಳಿಯುವ ಟ್ರೆಡಲ್ ಮಷಿನ್. ಅಪ್ಪ ಹೋದ ಮೇಲೆ ನಾನು ಕಂಪ್ಯೂಟರ್ ತಂದೆ. ಅಲ್ಲಿಗೆ ಸುಮ್ನೆ ಇರಬಹುದಿತ್ತು. ಆದರೆ ಎದುರು ಗಲ್ಲಿಯವರು ಆಫ್‌ಸೆಟ್ ಮಷಿನ್ ಹಾಕಿದರು. ನನಗೆ ನಿದ್ದೆ ಬರಲಿಲ್ಲ. ಹೈದರಾಬಾದಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಆಫ್‌ಸೆಟ್ ಒಂದನ್ನು ಸಾಲ ಮಾಡಿ ತಂದೆ. ಮದುವೆ ಸೀಜನ್ನಿನಲ್ಲಿ ಹಗಲು ರಾತ್ರಿ ಲಗ್ನಪತ್ರಿಕೆ ಹೊಡೆದೆವು. ಮಷಿನ್ ತಂದದ್ದು ಎಂಥ ಬುದ್ಧಿವಂತಿಕೆ ಅಂತ ನನಗೆ ನಾನೇ ಶಭಾಷ್ ಹೇಳಿಕೊಂಡೆ. ಆಮೇಲೆ ಆಷಾಢ ಬಂತು. ಆಷಾಢದಲ್ಲಿ ನಮ್ಮಲ್ಲಿ ಯಾರು ಲಗ್ನ ಮಾಡುತ್ತಾರೆ? ಮಷಿನ್ ಮೇಲೆ ಬಟ್ಟೆ ಹೊದಿಸಿ ಕೂತೆವು. ಕಂತಿಗೆ ಮಾತ್ರ ಆಷಾಢ ಇಲ್ಲ, ಅದು ತಾರೀಖು ತಪ್ಪದೆ ಬಂತು. ಎರಡನೇ ವರ್ಷ ಹೆಂಡತಿಯ ಪಾಟ್ಲಿ ಬಳೆ ಮಾರಿದೆ. ಅವಳು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವತ್ತಿನಿಂದ ಯಾವ ಮಷಿನ್ ನೋಡಿದರೂ ನಾನು ಒಂದೇ ಲೆಕ್ಕ ಕೇಳುತ್ತೇನೆ: ಕೆಲಸ ಇಲ್ಲದ ತಿಂಗಳಲ್ಲಿ ಇದರ ಕಂತು ಯಾರು ಕಟ್ಟುತ್ತಾರೆ?

ನಿಮ್ಮ ದಂಧೆಯ ಆಷಾಢ ನನ್ನದಕ್ಕಿಂತ ಉದ್ದ. ತೊಗರಿ ಜೂನ್, ಜುಲೈಯಲ್ಲಿ ಬಿತ್ತನೆ, ಡಿಸೆಂಬರ್, ಜನವರಿಯಲ್ಲಿ ರಾಶಿ. ಮಾಲು ಬಂದ ಮೇಲೆ ಬೇಸಿಗೆ ಮುಗಿಯುವವರೆಗೆ ಮಿಲ್ಲಿಗೆ ಪುರುಸೊತ್ತಿಲ್ಲ. ಮಳೆ ಬಿದ್ದ ಮೇಲೆ ಅಂಗಳದಲ್ಲಿ ಕಾಳು ಒಣಗಿಸುವುದೇ ಕಷ್ಟ. ಹತ್ತು ಲಕ್ಷಕ್ಕೆ ಶೇ. 10 ಬಡ್ಡಿ, ಐದು ವರ್ಷ ಅಂತ ಹಿಡಿಯಿರಿ. ತಿಂಗಳ ಕಂತು ಸುಮಾರು 21,250 ರೂಪಾಯಿ. ಒಟ್ಟು 60 ಕಂತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳು ಅಂದರೂ 20 ಕಂತು ಮಳೆಗಾಲದಲ್ಲೇ ಬೀಳುತ್ತವೆ. ಅಂದರೆ ಸವಾ ನಾಲ್ಕು ಲಕ್ಷ. ಆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಬ್ಯಾಂಕಿನವರು ಕೇಳಿದ್ದಾರಾ? ಕೇಳಿರುವುದಿಲ್ಲ. ಅಪ್ಪ ಕೇಳುತ್ತಿರುವುದು ಅದನ್ನೇ ಇರಬೇಕು. ನಮ್ಮ ಹಿರಿಯರು ಲೆಕ್ಕ ಬಿಡಿಸಿ ಹೇಳುವುದಿಲ್ಲ, "ಬ್ಯಾಡ" ಅಂದು ಎದ್ದು ಹೋಗುತ್ತಾರೆ.

ಸಬ್ಸಿಡಿ ಸಿಗುತ್ತದೆ ಎಂದೂ ಬರೆದಿದ್ದೀರಿ. ಸಣ್ಣ ಆಹಾರ ಘಟಕಗಳಿಗೆಂದು 2020ರಲ್ಲಿ ಶುರುವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ. 35, ಹೆಚ್ಚೆಂದರೆ ಹತ್ತು ಲಕ್ಷ. ನಿಜ. ಆದರೆ ಆ ದುಡ್ಡು ನಿಮ್ಮ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಇರುತ್ತದೆ. ಅಲ್ಲಿವರೆಗೆ ಖಾತೆ ಕೆಡದೆ, ಮಿಲ್ ನಡೆಯುತ್ತಿದ್ದರೆ ಸಾಲಕ್ಕೆ ಜಮಾ ಆಗುತ್ತದೆ. ಸಬ್ಸಿಡಿಯೂ ಮತ್ತೆ ಮಳೆಗಾಲದ ಕಂತಿಗೇ ಜೋತುಬಿದ್ದಿದೆ, ನೋಡಿ.

ಇನ್ನೊಂದು. 2022ರ ಕೊನೆಗೆ ನೆಟೆ ರೋಗ ಬಂದು ನಮ್ಮ ಜಿಲ್ಲೆಯ ತೊಗರಿ ಹೊಲಗಳು ನಿಂತಲ್ಲೇ ಒಣಗಿದವು. ಅಂಥ ವರ್ಷ ಮಿಲ್ಲಿಗೆ ಕಾಳೇ ಸಾಲದು. ಮಷಿನ್ ಏನನ್ನು ಆರಿಸುತ್ತದೆ?

ಇಷ್ಟೆಲ್ಲ ಹೇಳಿ ಮಷಿನ್ ಬೇಡ ಅಂತೀನಿ ಅಂದುಕೊಂಡಿರಾ? ಇಲ್ಲ. ಮಷಿನ್ ಬೇಕು. ಇವತ್ತಲ್ಲದಿದ್ದರೆ ನಾಳೆ ಬೇಕೇ ಬೇಕು. ಕ್ಯಾಮೆರಾದಿಂದ ನೋಡಿ, ಗಾಳಿ ಊದಿ ಕರಿ ಕಾಳು ಹಾರಿಸುವ ವೇಗದ ಮುಂದೆ ಕೈ ನಿಲ್ಲುವುದಿಲ್ಲ. ಪ್ಯಾಕೆಟ್ ಮಾಡಿ ಮಾರಬೇಕೆಂದರಂತೂ ಗಿರಾಕಿಗೆ ಒಂದೇ ಬಣ್ಣದ ಬೇಳೆ ಬೇಕು. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ, ಅಂದರೆ ಈ ಸೀಮೆಯದೇ ಮಾಲು ಎಂಬ ಮಾನ್ಯತೆ, ಸಿಕ್ಕಿದೆ. ಆದರೂ ಬಹಳಷ್ಟು ಬೇಳೆ ಊರಿನ ಹೆಸರಿಲ್ಲದ ಚೀಲದಲ್ಲೇ ಹೋಗುತ್ತದೆ. ಬೆಂಗಳೂರಿನಲ್ಲಿ ಕಲಿತದ್ದು ನಿಮಗೆ ಉಪಯೋಗಕ್ಕೆ ಬರುವುದು ಇಲ್ಲಿ, ಮಷಿನ್ ಓಡಿಸುವುದರಲ್ಲಿ ಅಲ್ಲ.

ಈ ಒಂದು ಸೀಜನ್ ಪಕ್ಕದವರ ಮಷಿನ್ನಿಗೇ ಕ್ವಿಂಟಲ್ಲಿಗೆ ಇಷ್ಟು ಅಂತ ಕೊಟ್ಟು ಮಾಡಿಸಿ ನೋಡಿ. ನಾಚಿಕೆ ಬೇಡ. ಕೈಯಿಂದ ಹಸನು ಮಾಡಿದ್ದಕ್ಕೂ ಮಷಿನ್ ಮಾಡಿದ್ದಕ್ಕೂ ರೇಟಿನಲ್ಲಿ ನಿಜವಾಗಿ ಎಷ್ಟು ಫರಕ್ಕು ಬೀಳುತ್ತದೆ, ಬರೆದಿಡಿ. ಮಷಿನ್ ಮಾರುವವನ ಲೆಕ್ಕ ಬೇರೆ, ನಿಮ್ಮ ಮಾಲಿನ ಲೆಕ್ಕ ಬೇರೆ. ಜೊತೆಗೆ ನಾಲ್ಕು ಕಂತಿನ ದುಡ್ಡು, ಅಂದರೆ 85,000, ಬೇರೆ ಖಾತೆಯಲ್ಲಿ ಕೂಡಿಡಲು ಆಗುತ್ತದಾ ನೋಡಿ. ಹಾಗೆ ಕೂಡಿಡಲು ಆದರೆ ಮುಂದಿನ ವರ್ಷ ಸಾಲ ತೆಗೆಯಿರಿ, ಅಪ್ಪನಿಗೆ ಆ ಪಾಸ್‌ಬುಕ್ ತೋರಿಸಿ.

ಎಂಟು ಹೆಣ್ಣುಮಕ್ಕಳ ವಿಷಯದಲ್ಲಿ ಸಿಹಿ ಮಾತು ಆಡಲಾರೆ. ನಮ್ಮಲ್ಲಿ ಮೊಳೆ ಜೋಡಿಸುವವರು ಇಬ್ಬರಿದ್ದರು. ಒಬ್ಬರು ಕೀಬೋರ್ಡ್ ಕಡೆ ತಿರುಗಿಯೂ ನೋಡಲಿಲ್ಲ, ಕೆಲಸ ಬಿಟ್ಟು ಹೋದರು. ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ಇನ್ನೊಬ್ಬರು ಪ್ರೂಫ್ ನೋಡುವವರಾದರು. ಮೊಳೆ ಅಕ್ಷರವನ್ನು ಉಲ್ಟಾ ಓದಿ ಪಳಗಿದ ಕಣ್ಣು, ಒತ್ತಕ್ಷರ ತಪ್ಪಿದರೆ ದೂರದಿಂದಲೇ ಹಿಡಿಯುತ್ತಾರೆ. ಈ ಪತ್ರಿಕೆಯಲ್ಲಿ ತಪ್ಪು ಕಮ್ಮಿ ಇದ್ದರೆ ಅದು ಅವರಿಂದ, ಜಾಸ್ತಿ ಇದ್ದರೆ ನನ್ನಿಂದ. ಸಾರ್ಟರಿನಲ್ಲೂ ಸೆಟ್ಟಿಂಗ್ ಬಿಗಿ ಮಾಡಿದರೆ ಒಳ್ಳೆ ಬೇಳೆಯೂ ರಿಜೆಕ್ಟಿಗೆ ಬೀಳುತ್ತದೆ. ಅದನ್ನು ನೋಡಿ ಹೇಳಲು, ಪ್ಯಾಕಿಂಗಿಗೆ ಮೂರೋ ನಾಲ್ಕೋ ಜನ ಬೇಕಾಗುತ್ತಾರೆ. ಎಂಟೂ ಜನ ಬೇಕಾಗುವುದಿಲ್ಲ. ಅವರಿಗೆ ಈಗಲೇ ಹೇಳಿಬಿಡಿ. ಮಷಿನ್ ಲಾರಿಯಿಂದ ಇಳಿಯುವ ದಿನ ಗೊತ್ತಾಗಬಾರದು.

ಪುಸ್ತಕದ ಮಾತು. ಆ ಆರು ಪುಸ್ತಕ ಕಪಾಟಿನಲ್ಲೇ ಇರಲಿ ಬಿಡಿ. ಅವು ನಮ್ಮ ಬಿಸಿಲು, ನಮ್ಮ ಉದ್ರಿ ನೋಡಿದ ಪುಸ್ತಕಗಳಲ್ಲ. ಮೊದಲು ಅಪ್ಪನ ಐದು ವರ್ಷದ ಕಿರ್ದಿ ತೆಗೆದು ಮಳೆಗಾಲದ ಹಾಳೆಗಳನ್ನಷ್ಟೇ ಓದಿ. ಯಾರು ಯಾವಾಗ ದುಡ್ಡು ಕೊಟ್ಟರು, ಯಾರು ದೀಪಾವಳಿಗೆ ಅಂದು ಯುಗಾದಿಗೆ ಕೊಟ್ಟರು, ಎಲ್ಲ ಅದರಲ್ಲಿದೆ. ಅದು ಮುಗಿದ ಮೇಲೆ ದಂಧೆಗೆ ಸಂಬಂಧವೇ ಇಲ್ಲದ್ದೇನಾದರೂ ಓದಿ. ನಾನು ಕಾದಂಬರಿ ಓದಿದ್ದೆಲ್ಲ ಆಷಾಢದಲ್ಲೇ, ಬಟ್ಟೆ ಹೊದಿಸಿದ ಮಷಿನ್ ಪಕ್ಕದಲ್ಲಿ ಕೂತು.

2017ರಲ್ಲಿ ಕಲಬುರಗಿಯಿಂದ ಬೀದರಿಗೆ ರೈಲು ಶುರುವಾದ ಮೇಲೆ ಎರಡು ಸಲ ಮಹಮೂದ್ ಗವಾನ್ ಮದರಸಾ ನೋಡಿ ಬಂದೆ. ಗವಾನ್ ಇರಾನಿನಿಂದ ಬಂದ ವ್ಯಾಪಾರಿ, ಆಮೇಲೆ ಬಹಮನಿ ರಾಜ್ಯದ ಪ್ರಧಾನಿ. 1472ರ ಆ ಕಟ್ಟಡದಲ್ಲಿ ಮೂರು ಸಾವಿರ ಪುಸ್ತಕ ಇತ್ತಂತೆ. 1481ರಲ್ಲಿ ಸುಳ್ಳು ಪತ್ರ ಸೃಷ್ಟಿಸಿ ಅವರನ್ನು ಕೊಲ್ಲಿಸಿದರು. ಆಮೇಲೆ ಪೆಟ್ಟಿಗೆ ತೆರೆದರೆ ದೊಡ್ಡ ಗಂಟೇನೂ ಸಿಗಲಿಲ್ಲ ಎಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಅಷ್ಟು ವ್ಯಾಪಾರ ಮಾಡಿದವರ ದುಡ್ಡು ಎಲ್ಲಿ ಹೋಯಿತು ಅಂತ ಆ ಅರ್ಧ ಬಿದ್ದ ಗೋಡೆ ನೋಡುವಾಗ ಗೊತ್ತಾಗುತ್ತದೆ. ನಮಗೆ ಅಷ್ಟೆಲ್ಲ ಆಗುವುದಿಲ್ಲ, ಜಿಎಸ್‌ಟಿ ಕಟ್ಟಬೇಕಲ್ಲ! ಆದರೂ ಒಮ್ಮೆ ಹೋಗಿ ಬನ್ನಿ.

ಬೆಂಗಳೂರು ಬಿಟ್ಟದ್ದು ತಪ್ಪಾ ಅಂದಿರಿ. ನನಗೂ ಒಮ್ಮೆ ಪುಣೆಯಿಂದ ಕರೆ ಬಂದಿತ್ತು, ಹೋಗಲಿಲ್ಲ. ಹೋಗಿದ್ದರೆ ದುಡ್ಡು ಜಾಸ್ತಿ ಇರುತ್ತಿತ್ತು, ಅದರಲ್ಲಿ ಅನುಮಾನವಿಲ್ಲ. ಈ ಲೆಕ್ಕವನ್ನು ನಾನು ಎಷ್ಟೋ ಆಷಾಢ ಹಾಕಿದ್ದೇನೆ, ಒಮ್ಮೆಯೂ ತಾಳೆ ಆಗಿಲ್ಲ. ನೀವೂ ಈಗಲೇ ಹಾಕಬೇಡಿ. ಬಂದು ಎರಡು ಸೀಜನ್ ಆಗಿದೆ ಅಷ್ಟೇ.

ಪತ್ರದ ಜೊತೆ ಕಳಿಸಿದ ಅರ್ಧ ಕಿಲೋ ಬೇಳೆ ಮುಟ್ಟಿತು. ನಮ್ಮ ಮನೆಯವಳು ರೂಢಿಯಂತೆ ಮೊರದಲ್ಲಿ ಹಾಕಿಕೊಂಡು ಹಸನು ಮಾಡಲು ಕೂತಳು. ಒಂದೇ ಒಂದು ಕರಿ ಕಾಳು ಸಿಕ್ಕಿತು. ಕಿಲೋಕ್ಕೆ ಎಷ್ಟು ಅಂತ ಕೇಳಿದ್ದಾಳೆ. ತಿಳಿಸಿ, ಐದು ಕಿಲೋ ಬೇಕು.

ಸಂಪಾದಕ