1,000 ಗಜಕ್ಕೆ .300 ವಿನ್ ಮ್ಯಾಗ್ ಯಾಕೆ ಸರ್?

ಸರ್, ಹೊಸ ಕಸ್ಟಮ್ ರೈಫಲ್ ಕಟ್ಟಿಸಲು ನೀವು ಹಾಕಿದ ಪಟ್ಟಿ ನೋಡಿದೆ. ಡಲ್ಲಾಸ್ ಹತ್ತಿರದ ರೇಂಜ್, ದೂರ 1,000 ಗಜ, ಗುರಿ ಸ್ಟೀಲ್ ಪ್ಲೇಟ್. ಅದಕ್ಕೆ ಕಟ್ಟಿಸಲು ಹೊರಟಿರುವುದು .300 ವಿನ್ ಮ್ಯಾಗ್, ಅಂದರೆ ದೊಡ್ಡ ಮ್ಯಾಗ್ನಮ್ ತೋಟಾ ಹಾರಿಸುವ ರೈಫಲ್! ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಲಾಂಗ್ ಆಕ್ಷನ್‌ಗೆ (ಉದ್ದ ತೋಟಾ ಹಿಡಿಯುವ ರೈಫಲ್ ಯಂತ್ರಭಾಗ) ಇನ್ನೂ ದುಡ್ಡು ಕಟ್ಟಿಲ್ಲ ಅಂದ್ರೆ ಸ್ವಲ್ಪ ತಡೀರಿ. ನನ್ನ ಮೊದಲ ಕಸ್ಟಮ್ ರೈಫಲ್ಲೂ ಅದೇ.

ಭುಜದ ನೋವು ದೊಡ್ಡ ವಿಷಯವಲ್ಲ, ನಳಿಗೆ ತುದಿಗೆ ಒದೆತ ತಗ್ಗಿಸುವ ಮಝಲ್ ಬ್ರೇಕ್ ಹಾಕಿದರೆ ತಡೆದುಕೊಳ್ಳಬಹುದು. ಗುಂಡು ಅಷ್ಟು ದೂರ ತಲುಪಲು ಸುಮಾರು ಒಂದೂವರೆ ಸೆಕೆಂಡು. ಒದೆತಕ್ಕೆ ಕಣ್ತಪ್ಪಿದ ಪ್ಲೇಟ್ ಅಷ್ಟರೊಳಗೆ ಮತ್ತೆ ಸ್ಕೋಪ್ ಒಳಗೆ ಬಂದಿರಬೇಕು. ಮಣ್ಣು ಎಡಕ್ಕೆ ಎದ್ದಿತೋ ಬಲಕ್ಕೋ ಕಂಡರೆ ತಾನೇ ಮುಂದಿನ ಗುಂಡಿಗೆ ಗಾಳಿ ಲೆಕ್ಕ? ನನಗೆ ಕಾಣುತ್ತಿದ್ದದ್ದು ಬರೀ ಆಕಾಶ. ಜೊತೆಗೆ ಬೆಚ್ಚುವ ಚಾಳಿ ಬೇರೆ ಅಂಟಿತು. ಒಂದು ದಿನ ಗೆಳೆಯ ಹೇಳದೆ ಖಾಲಿ ಕೇಸ್ ತುರುಕಿಟ್ಟ. ಟಕ್ ಅಂತು ಅಷ್ಟೇ, ಗುಂಡೇ ಇಲ್ಲ. ಆದರೂ ನಳಿಗೆಯ ಮೂತಿ ಕೆಳಗೆ ಕುಕ್ಕಿತು! ನೀವೂ ಹೀಗೆ ಪರೀಕ್ಷೆ ಮಾಡಿಸಿಕೊಳ್ಳಿ.

ಅದರ ಬದಲು 6.5 ಕ್ರೀಡ್‌ಮೂರ್ ತೋಟಾದ ರೈಫಲ್ ತಗೊಳ್ಳಿ. "ಎಲ್ಲರೂ ಅದನ್ನೇ ಹೇಳ್ತಾರೆ" ಅಂತ ಮೂಗು ಮುರಿಯಬೇಡಿ. ಅಮೆರಿಕದ ತೋಟಾ ಕಂಪನಿ ಹಾರ್ನಡಿಯವರು 2007ರಲ್ಲಿ ಅದನ್ನು ತಂದದ್ದೇ ದೂರದ ಗುರಿ ಸ್ಪರ್ಧೆಗೆ. ಅದರ 140 ಗ್ರೇನ್ (ಗ್ರೇನ್ ಅಂದರೆ ಗುಂಡು, ಮದ್ದಿನ ತೂಕದ ಅಳತೆ) ಗುಂಡು 1,000 ಗಜದಲ್ಲೂ ಶಬ್ದದ ವೇಗಕ್ಕಿಂತ ಆರಾಮಾಗಿ ಮೇಲಿರುತ್ತದೆ. .308 ತೋಟಾದ 175 ಗ್ರೇನ್ ಗುಂಡು ಅಲ್ಲಿಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಿರುತ್ತದೆ, ಗಾಳಿಗೆ ಜಾಸ್ತಿಯೂ ಸರಿಯುತ್ತದೆ. ಹಾಗಂತ .308 ಕೆಟ್ಟದ್ದಲ್ಲ. ಬ್ಯಾರೆಲ್ 5,000 ಗುಂಡಿನವರೆಗೂ ಬರಬಹುದು, ಗಾಳಿ ಓದಲು ಚೆನ್ನಾಗಿ ಕಲಿಸುತ್ತದೆ. ಕ್ರೀಡ್‌ಮೂರ್ ಬ್ಯಾರೆಲ್ 2,000–2,500ಕ್ಕೆ ಸುಸ್ತು. ನಿಮ್ಮ ಮ್ಯಾಗ್ನಮ್ ಪ್ರತಿ ಗುಂಡಿಗೂ 70 ಗ್ರೇನ್ ಆಸುಪಾಸು ಮದ್ದು ಸುಡುತ್ತದೆ, ಬ್ಯಾರೆಲ್ ಗಂಟಲು (ಗುಂಡು ನಳಿಗೆಗೆ ನುಗ್ಗುವ ಜಾಗ) ಇನ್ನೂ ಬೇಗ ತಿಂದುಹೋಗುತ್ತದೆ. ಬಿಸಿ ಬ್ಯಾರೆಲ್‌ನಲ್ಲಿ ಸುಮ್ನೆ ಡಬಡಬ ಹೊಡೆದರೆ ಯಾವ ಲೆಕ್ಕವೂ ನಿಲ್ಲಲ್ಲ ಬಿಡಿ.

ಎಲ್ಕ್ (ಅಮೆರಿಕದ ದೊಡ್ಡ ಜಿಂಕೆ) ಬೇಟೆಗೂ ಅದೇ ರೈಫಲ್ ಬೇಕು ಅನ್ನುವುದಾದರೆ ಮಾತು ಬೇರೆ. ಆಗ 7 ಎಂಎಂ ಪಿಆರ್‌ಸಿ ಅನ್ನುವ ಮ್ಯಾಗ್ನಮ್ ತೋಟಾ ನೋಡಿ. ಆದರೆ ನೀವು ಹಾಗೆ ಬರೆದಿಲ್ಲ.

ಇನ್ನೊಂದು ಲಾಭ ಇದೆ. .473 ಇಂಚಿನ ಬೋಲ್ಟ್ ಫೇಸ್ (ತೋಟಾದ ಬುಡ ಕೂರುವ ಬೋಲ್ಟ್ ಮುಖ) ಇರುವ ಶಾರ್ಟ್ ಆಕ್ಷನ್ ತಗೊಂಡರೆ .308, ಕ್ರೀಡ್‌ಮೂರ್, 6 ಡ್ಯಾಶರ್ ಅನ್ನುವ ಸಣ್ಣ ತೋಟಾ, ಎಲ್ಲಕ್ಕೂ ಅದೇ ಸಾಕು, ಬ್ಯಾರೆಲ್ ಬದಲಿಸಿದರಾಯಿತು. ಡ್ಯಾಶರ್‌ಗೆ ಮ್ಯಾಗಜೀನ್ ಮಾತ್ರ ಬೇರೆ ನೋಡಬೇಕು. ಮನೆಯಲ್ಲೇ ತೋಟಾ ತುಂಬುವ ರೀಲೋಡಿಂಗ್ ಪ್ರೆಸ್ ಇಲ್ಲದವರು ಡ್ಯಾಶರ್ ತಂಟೆಗೇ ಹೋಗಬೇಡಿ. ಪಿಆರ್‌ಸಿಗೂ ವಿನ್ ಮ್ಯಾಗ್‌ಗೂ ದೊಡ್ಡ ಬೋಲ್ಟ್ ಫೇಸ್ ಬೇಕು. ಕ್ರೀಡ್‌ಮೂರ್ ಬ್ಯಾರೆಲ್ ಒಳಗಿನ ತಿರುವು, ಅಂದರೆ ಟ್ವಿಸ್ಟ್, 1:8 (8 ಇಂಚಿಗೆ ಒಂದು ಸುತ್ತು) ಅಂತ ಗನ್‌ಸ್ಮಿತ್‌ಗೆ ಬರೆದೇ ಕೊಡಿ, ಬಾಯಿಮಾತು ಬೇಡ. ಬ್ಯಾರೆಲ್ 26 ಇಂಚು, ತೂಕದ್ದೇ ಇರಲಿ. ತೆಳ್ಳಗಿನ ಕಾರ್ಬನ್ ಫೈಬರ್ ಬ್ಯಾರೆಲ್ ಬೆಟ್ಟ ಹತ್ತುವವರಿಗೆ.

ಬ್ರಾಸ್ (ತೋಟಾದ ಹಿತ್ತಾಳೆ ಕೇಸ್) ಲಾಪುವಾ ಕಂಪನಿಯದು ತಗೊಳ್ಳಿ, ದುಬಾರಿ, ಆದರೆ ಬಾಳಿಕೆ ಬರುತ್ತದೆ. ಕ್ರೀಡ್‌ಮೂರ್‌ಗೆ ಅವರದು ಸಾಮಾನ್ಯವಾಗಿ ಸ್ಮಾಲ್ ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಿಲ್ಲೆ), ಹಾರ್ನಡಿಯದು ಸಾಮಾನ್ಯವಾಗಿ ಲಾರ್ಜ್. ಎರಡನ್ನೂ ಒಂದೇ ಡಬ್ಬಿಗೆ ಸುರಿದು ಆಮೇಲೆ ಬೈದುಕೊಳ್ಳಬೇಡಿ.

ಉಳಿದ ದುಡ್ಡು ಸ್ಕೋಪಿಗೆ. ಪಟ್ಟಿಯಲ್ಲಿ ನೀವು ಬರೆದಿರುವ ಸ್ಕೋಪಿನ ರೆಟಿಕಲ್ (ಒಳಗೆ ಕಾಣುವ ಗುರಿಗೆರೆ) ಮಿಲ್, ಟರೆಟ್ (ಗುರಿ ಹೊಂದಿಸುವ ತಿರುಗುಣಿ) ಎಂಓಎ, ಎರಡೂ ಬೇರೆ ಬೇರೆ ಕೋನದ ಅಳತೆ. ದಯವಿಟ್ಟು ಬೇಡ, ಎರಡೂ ಮಿಲ್ ಇರಲಿ. ರೈಫಲ್ ಕೈಗೆ ಬರುವ ತನಕ .22 ರೈಫಲ್ ಹಿಡಿದು 200 ಗಜಕ್ಕೆ ಹೊಡೆಯಿರಿ. ಸಿಸಿಐ ಕಂಪನಿಯ ಸ್ಟ್ಯಾಂಡರ್ಡ್ ವೆಲಾಸಿಟಿ ತೋಟಾ ಸಾಕು, ಗಾಳಿ ಅಲ್ಲೇ ಪಾಠ ಶುರುಮಾಡುತ್ತದೆ.